ಮಡಚುವ ಸೈಕಲ್ ಬೇಕಾ, ಮಾಮೂಲಿ ಸೈಕಲ್ ಸಾಕಾ? ಕಾಸರಗೋಡಿನಿಂದ ದಿನಾ ರೈಲು ಹತ್ತುವವರಿಗೆ

ಬೆಳಗ್ಗೆ ಕಾಸರಗೋಡು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಾನು ಸೈಕಲ್ ಮಡಚಲು ಶುರು ಮಾಡಿದರೆ ಸಾಕು, ಯಾರಾದರೂ ಒಬ್ಬರು ಹತ್ತಿರ ಬಂದೇ ಬರುತ್ತಾರೆ. ಕೆಲವರು ಮಲಯಾಳದಲ್ಲಿ ಕೇಳುತ್ತಾರೆ, ಕೆಲವರು "ಉಂದು ದಾದ ಮಾರಾಯ್ರೇ" ಅಂತ ತುಳುವಿನಲ್ಲಿ. ಎಷ್ಟಾಯಿತು, ಎಲ್ಲಿ ಸಿಗುತ್ತದೆ, ರೈಲಿನಲ್ಲಿ ಬಿಡುತ್ತಾರಾ, ಇಷ್ಟು ಸಣ್ಣ ಚಕ್ರದಲ್ಲಿ ಏರು ಹತ್ತುತ್ತದಾ. ಸಿಗ್ನಲ್ ಬಿದ್ದ ಮೇಲೆ ರೈಲು ಬರುವಷ್ಟರಲ್ಲಿ ಇಷ್ಟಕ್ಕೆಲ್ಲ ಸರಿಯಾಗಿ ಉತ್ತರ ಹೇಳಲು ಆಗುವುದಿಲ್ಲ. ಹಾಗಾಗಿ ಸಮಾಧಾನದಲ್ಲಿ ಕೂತು ಇಲ್ಲಿ ಬರೆಯುತ್ತಿದ್ದೇನೆ. ಮೂರು ಮಳೆಗಾಲ ಇದೇ ಸೈಕಲ್‌ನಲ್ಲಿ ಓಡಾಡಿದ್ದೇನೆ, ಅದಕ್ಕಿಂತ ಮೊದಲು ಬೇರೆ ಎಲ್ಲ ದಾರಿಗಳನ್ನೂ ನೋಡಿದ್ದೇನೆ.

ನನ್ನ ಮನೆ ಕೂಡ್ಲಿನ ಹತ್ತಿರ, ಕೆಲಸ ಮಂಗಳೂರಿನ ಬಲ್ಮಠದಲ್ಲಿ. ನಡುವೆ ರೈಲಿನಲ್ಲಿ ಸುಮಾರು 46 ಕಿ.ಮೀ. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ ನೇತ್ರಾವತಿ ಸೇತುವೆ ಬಂತೆಂದರೆ ಎಲ್ಲರೂ ಎದ್ದು ಬಾಗಿಲ ಹತ್ತಿರ ಸೇರುತ್ತಾರೆ. ಈ ರೈಲಿನ ಭಾಗದ ಬಗ್ಗೆ ನನಗೆ ಯಾವತ್ತೂ ತಲೆಬಿಸಿ ಇರಲಿಲ್ಲ. ತಿಂಗಳ ಸೀಸನ್ ಟಿಕೆಟ್ ಹೆಚ್ಚುಕಡಿಮೆ 15 ಸಲ ಒಂದು ಕಡೆ ಹೋಗುವ ದುಡ್ಡಿಗೆ ಸಿಗುತ್ತದೆ, ಇದಕ್ಕಿಂತ ಅಗ್ಗದಲ್ಲಿ ಮಂಗಳೂರು ಮುಟ್ಟುವ ದಾರಿ ಇಲ್ಲ. ತೊಂದರೆ ಇದ್ದದ್ದು ಎರಡು ತುದಿಗಳಲ್ಲಿ. ಮನೆಯಿಂದ ಸ್ಟೇಷನ್, ಆಮೇಲೆ ಸ್ಟೇಷನ್‌ನಿಂದ ಆಫೀಸು. ಎರಡೂ ಸೇರಿ 8 ಕಿ.ಮೀ. ಕೂಡ ಆಗುವುದಿಲ್ಲ, ಆದರೆ ದಿನದ ಸಮಯ, ದುಡ್ಡು, ತಾಳ್ಮೆ ಎಲ್ಲ ಖರ್ಚಾಗುತ್ತಿದ್ದದ್ದು ಅಲ್ಲೇ.

ಸೈಕಲ್ ನೋಡುವ ಮೊದಲು ದಾರಿ ನೋಡಿ

ಮಡಚುವ ಸೈಕಲ್‌ನ ನಿಜವಾದ ಲಾಭ ಸಿಗುವುದು ಅದರಿಂದ ಇಳಿದ ಮೇಲೆ. ಓಡಿಸುವಾಗ ಅದು ಒಂದು ಸಾಧಾರಣ ಸೈಕಲ್, ಅಷ್ಟೇ. ಅದೇ ದುಡ್ಡಿಗೆ ಬರುವ ಮಾಮೂಲಿ ಸೈಕಲ್ ಇದಕ್ಕಿಂತ ಹಗುರವಾಗಿ, ಮೆತ್ತಗೆ ಓಡುತ್ತದೆ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ದಾರಿ ನಡುವಿನಲ್ಲಿ ತುಂಡಾಗುತ್ತದಾ? ರೈಲು, ಬಸ್ಸು, ಮೂರನೇ ಮಹಡಿಯ ಮನೆ, ಸೈಕಲ್ ಇಡಲು ಜಾಗವೇ ಇಲ್ಲದ ಆಫೀಸು, ಇಂಥದ್ದು ಏನಾದರೂ ನಡುವೆ ಬಂದರೆ ಮಾತ್ರ ಮಡಚುವುದರಲ್ಲಿ ಅರ್ಥ ಇದೆ.

ವಿದ್ಯಾನಗರದಲ್ಲಿ ಮನೆ, ಹೊಸ ಬಸ್ ನಿಲ್ದಾಣದ ಹತ್ತಿರ ಅಂಗಡಿ ಅಂತಾದರೆ ಮಡಚುವುದು ಸುಮ್ನೆ ದಂಡ. ಒಳ್ಳೆಯ ಮಾಮೂಲಿ ಸೈಕಲ್ ತೆಗೆದುಕೊಳ್ಳಿ, ಎರಡು ಬೀಗ ಹಾಕಿ, ಅಂಗಡಿ ಎದುರು ನಿಲ್ಲಿಸಿ. ಇಳಿದ ಕಡೆಯಿಂದ ಕೆಲಸದ ಜಾಗ ಒಂದು ಕಿಲೋಮೀಟರಿನ ಒಳಗೆ ಇದ್ದರೆ ಏನೂ ಬೇಡ, ನಡೆಯಿರಿ. ಮಂಗಳೂರು ಸೆಂಟ್ರಲ್ ಸ್ಟೇಷನ್‌ನಿಂದ ಹಂಪನಕಟ್ಟೆಗೆ ನಡೆದು ಹೋಗುವ ನೂರಾರು ಜನ ಇದ್ದಾರೆ, ಸೈಕಲ್ ಮಡಚಿ ಬಿಡಿಸುವಷ್ಟರಲ್ಲಿ ಅವರು ಅರ್ಧ ದಾರಿ ದಾಟಿರುತ್ತಾರೆ.

ಇನ್ನೊಂದು ಕಡೆ ಮಂಗಳೂರು ಜಂಕ್ಷನ್‌ನಲ್ಲಿ ಇಳಿಯುವವರು. ಕೇರಳದಿಂದ ಕೊಂಕಣ ಕಡೆ ಹೋಗುವ ಎಷ್ಟೋ ರೈಲುಗಳು ಸೆಂಟ್ರಲ್‌ಗೆ ಬರುವುದೇ ಇಲ್ಲ, ಪಡೀಲಿನ ಹತ್ತಿರದ ಜಂಕ್ಷನ್‌ನಲ್ಲಿ ನಿಂತು ಹಾಗೆಯೇ ಮುಂದಕ್ಕೆ ಹೋಗುತ್ತವೆ. ಅಲ್ಲಿಂದ ಪೇಟೆಗೆ ದಿನಾ ರಿಕ್ಷಾ ಮಾಡಿದರೆ ತಿಂಗಳ ಕೊನೆಗೆ ಸೀಸನ್ ಟಿಕೆಟಿನ ದುಡ್ಡಿಗಿಂತ ರಿಕ್ಷಾದ ದುಡ್ಡೇ ಜಾಸ್ತಿ ಆಗಿರುತ್ತದೆ. ಮಡಚುವ ಸೈಕಲ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಂಥವರಿಗೆ.

ಸ್ಕೂಟಿ, ಹಳೆ ಸೈಕಲ್, ಮಡಚುವ ಸೈಕಲ್

ಮೊದಲು ನಾನು ಮಾಡುತ್ತಿದ್ದದ್ದು ನಮ್ಮ ಕಡೆ ಹೆಚ್ಚಿನವರು ಮಾಡುವುದನ್ನೇ. ಸ್ಕೂಟಿಯಲ್ಲಿ ಸ್ಟೇಷನ್‌ಗೆ ಬಂದು, ಪಾರ್ಕಿಂಗ್‌ನಲ್ಲಿಟ್ಟು, ರೈಲು ಹತ್ತಿ, ಆ ಕಡೆ ಸಿಟಿ ಬಸ್ಸು. ಮನೆಯ ತುದಿಗೆ ಸ್ಕೂಟಿಯಷ್ಟು ಸುಲಭ ಬೇರೊಂದಿಲ್ಲ, ಒಪ್ಪಿಕೊಳ್ಳಬೇಕು. ಮಗುವನ್ನು ಶಾಲೆಗೆ ಬಿಟ್ಟು ಹಾಗೆಯೇ ಸ್ಟೇಷನ್‌ಗೆ ಬರುವವರು, ಬದಿಯಡ್ಕ, ನೀರ್ಚಾಲು ಕಡೆಯಿಂದ ದೂರ ಬರುವವರು ಸ್ಕೂಟಿ ಬಿಡುವುದು ಬೇಡ. ಆದರೆ ಮಂಗಳೂರಿನ ತುದಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಪೆಟ್ರೋಲ್, ಇನ್ಶೂರೆನ್ಸ್, ತಿಂಗಳ ಪಾರ್ಕಿಂಗ್ ಚೀಟಿ, ಅದರ ಮೇಲೆ ಬಸ್ಸಿನ ದುಡ್ಡು. ಪೂರ್ತಿ ದಾರಿ ಸ್ಕೂಟಿಯಲ್ಲೇ ಹೋಗೋಣ ಅಂದರೆ ಹೋಗಿ ಬರಲು ಹತ್ತಿರ ಹತ್ತಿರ 100 ಕಿ.ಮೀ., ಅಂದರೆ ದಿನಕ್ಕೆ ಎರಡು ಲೀಟರ್ ಪೆಟ್ರೋಲ್, ಹೆದ್ದಾರಿಯ ಲಾರಿಗಳ ನಡುವೆ. ಒಂದು ವಾರ ಮಾಡಿ ಬಿಟ್ಟೆ. ಬೆನ್ನು ಕೇಳಲಿಲ್ಲ.

ಎರಡನೆಯ ದಾರಿಯನ್ನು ಹೆಚ್ಚಿನವರು ಯೋಚನೆಯೇ ಮಾಡುವುದಿಲ್ಲ. ಎರಡು ಹಳೆ ಸೈಕಲ್ ಕೊಂಡು ಆ ಕಡೆ ಒಂದು, ಈ ಕಡೆ ಒಂದು ಇಡುವುದು. ನನಗೆ ಇದನ್ನು ಹೇಳಿಕೊಟ್ಟದ್ದು ಮಂಜೇಶ್ವರದಿಂದ ಕಾಸರಗೋಡಿಗೆ ಬರುವ ಒಬ್ಬರು ಮಾಷ್ಟ್ರು. ಅಲ್ಲಿ ಮನೆಯಿಂದ ಸ್ಟೇಷನ್‌ಗೆ ಒಂದು, ಇಲ್ಲಿ ಸ್ಟೇಷನ್‌ನಿಂದ ಶಾಲೆಗೆ ಇನ್ನೊಂದು, ಎರಡೂ ಸೆಕೆಂಡ್ ಹ್ಯಾಂಡ್. "ಎರಡು ಸೇರಿ ನಿಮ್ಮ ಒಂದರ ಅರ್ಧ ದುಡ್ಡು ಆಗಲಿಲ್ಲ ಅಕ್ಕ, ರೈಲಿನಲ್ಲಿ ಕೈ ಬೀಸಿಕೊಂಡು ಬರುತ್ತೇನೆ" ಅಂದರು. ಅವರ ಮಾತು ನೂರಕ್ಕೆ ನೂರು ನಿಜ. ರೈಲಿನಲ್ಲಿ ಏನೂ ಹೊರುವ ಕೆಲಸ ಇಲ್ಲ, ಹಳೆ ಸೈಕಲ್ ಆದ್ದರಿಂದ ಕಳ್ಳರ ಹೆದರಿಕೆಯೂ ಕಡಿಮೆ, ರಿಪೇರಿ ಯಾವ ಅಂಗಡಿಯಲ್ಲೂ ಆಗುತ್ತದೆ.

ಆದರೆ ದೂರದ ತುದಿಯ ಸೈಕಲ್ ಪ್ರತಿ ರಾತ್ರಿ, ಪ್ರತಿ ರಜೆ ಸ್ಟೇಷನ್‌ನಲ್ಲೇ ಇರಬೇಕು. ಮಾಡು ಇಲ್ಲದ ಪಾರ್ಕಿಂಗ್ ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಮಳೆಯಲ್ಲಿ ನೆನೆಯುತ್ತಲೇ ಇರುತ್ತದೆ. ನಾನೂ ಮಂಗಳೂರಿನಲ್ಲಿ ಒಂದು ಹಳೆ ಸೈಕಲ್ ಇಟ್ಟು ನೋಡಿದೆ. ಓಣಂ ರಜೆ ಮುಗಿಸಿ ಹೋದಾಗ ಚೈನು ಕಟ್ಟಿಗೆ ತುಂಡಿನ ಹಾಗೆ ಗಟ್ಟಿಯಾಗಿತ್ತು, ಹಿಂದಿನ ಟಯರಿನ ಗಾಳಿ ಇಳಿದಿತ್ತು, ಸೀಟಿನ ಕೆಳಗಿದ್ದ ಸಣ್ಣ ಚೀಲ ಕಾಣೆಯಾಗಿತ್ತು. ಅದರ ಜೊತೆ ಗೇರ್ ಇಲ್ಲದ ಆ ಭಾರದ ಸೈಕಲ್‌ನಲ್ಲಿ ಹಂಪನಕಟ್ಟೆಯಿಂದ ಜ್ಯೋತಿ ಸರ್ಕಲ್‌ಗೆ ಹೋಗುವ ಏರನ್ನು ದಿನಾ ತಳ್ಳಿಕೊಂಡೇ ಹತ್ತುತ್ತಿದ್ದೆ. ಮಾಷ್ಟ್ರ ದಾರಿ ಸಮತಟ್ಟು, ಅವರಿಗೆ ಅದು ಸರಿ. ನಿಮ್ಮದೂ ಸಮತಟ್ಟಾಗಿದ್ದು, ಎರಡೂ ಕಡೆ ಮಾಡಿನ ಕೆಳಗೆ ಜಾಗ ಇದ್ದರೆ, ದಯವಿಟ್ಟು ಈ ದಾರಿಯನ್ನೇ ಮೊದಲು ನೋಡಿ. ಮಡಚುವ ಸೈಕಲ್‌ಗಿಂತ ಇದು ಅಗ್ಗ, ಗಟ್ಟಿ.

ನನಗೆ ಎರಡೂ ಹೊಂದಲಿಲ್ಲ. ಹಾಗಾಗಿ ಮಡಚುವುದಕ್ಕೆ ಬಂದೆ.

ರೈಲಿನಲ್ಲಿ ಹೇಗೆ?

ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಾಮೂಲಿ ಸೈಕಲ್ ಅನ್ನು ಡಬ್ಬಿಯೊಳಗೆ ತೆಗೆದುಕೊಂಡು ಹೋಗುವ ಹಾಗಿಲ್ಲ, ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ, ಅಂದರೆ ಸಾಮಾನಿನ ಡಬ್ಬಿಯಲ್ಲಿ, ಹಾಕಬೇಕು. ದಿನಾ ಓಡಾಡುವವರಿಗೆ ಅದು ಆಗುವ ಮಾತಲ್ಲ. ಮಡಚಿ ಚೀಲಕ್ಕೆ ಹಾಕಿದರೆ ಅದೊಂದು ಲಗೇಜು. ಆದರೆ ಲಗೇಜಿಗೂ ಅಳತೆ ಇದೆ. ಪೆಟ್ಟಿಗೆ, ಸೂಟ್‌ಕೇಸ್ ಇತ್ಯಾದಿಗೆ ರೈಲ್ವೆ ಹೇಳುವ ಮಿತಿ 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ. ಎರಡನೇ ದರ್ಜೆಯ ಸಾಮಾನ್ಯ ಟಿಕೆಟಿಗೆ 35 ಕೆ.ಜಿ. ತನಕ ಉಚಿತ, ಸೀಸನ್ ಟಿಕೆಟಿನವರಿಗೆ ಮಿತಿ ಅದಕ್ಕಿಂತ ಕಡಿಮೆ. ನನ್ನ 20 ಇಂಚು ಚಕ್ರದ ಸೈಕಲ್ ಅನ್ನು ಮಡಚಿ ಟೇಪು ಹಿಡಿದು ಅಳೆದಾಗ ಸುಮಾರು 80, 65, 35 ಸೆಂ.ಮೀ. ಬಂತು. ಅಂದರೆ ಕಟ್ಟುನಿಟ್ಟಾಗಿ ಹೇಳಿದರೆ ಅಗಲ ಮತ್ತು ದಪ್ಪ ಎರಡರಲ್ಲೂ ಮಿತಿ ದಾಟುತ್ತದೆ. ನನ್ನನ್ನು ಈ ತನಕ ಯಾರೂ ಇಳಿಸಲಿಲ್ಲ. ಒಮ್ಮೆ ಟಿಕೆಟ್ ನೋಡುವವರು ಚೀಲದಲ್ಲಿ ಏನು ಅಂತ ಕೇಳಿದರು, ಜಿಪ್ ಎಳೆದು ತೋರಿಸಿದೆ, ದಾರಿಗೆ ಅಡ್ಡ ಇಡಬೇಡಿ ಅಂತ ಹೇಳಿ ಹೋದರು. ಆದರೆ ಇದು ಅವರ ಒಳ್ಳೆಯತನ, ನಮ್ಮ ಹಕ್ಕು ಅಂದುಕೊಂಡು ವಾದಕ್ಕೆ ನಿಲ್ಲುವುದು ಬೇಡ.

ಚೀಲ ಹೊಲಿಸಿದ್ದಕ್ಕೂ ಒಂದು ಕಾರಣ ಇದೆ. ಶುರುವಿನ ತಿಂಗಳಲ್ಲಿ ಹಾಗೆಯೇ ತೆಗೆದುಕೊಂಡು ಹೋಗುತ್ತಿದ್ದೆ. ಓಣಂ ಹತ್ತಿರ ಬಂದಿತ್ತು, ಲೇಡೀಸ್ ಡಬ್ಬಿಯ ತುಂಬ ಕಸವು ಸೀರೆ. ಉಪ್ಪಳದಲ್ಲಿ ಜನ ನುಗ್ಗಿದಾಗ ನನ್ನ ಪಕ್ಕ ನಿಂತಿದ್ದ ಅಕ್ಕನ ನೆರಿಗೆಗೆ ಚೈನಿನ ಎಣ್ಣೆ ಒರೆಸಿ ಹೋಯಿತು. ಬೆಳ್ಳಗಿನ ಸೀರೆಯ ಮೇಲೆ ಬೆರಳುದ್ದದ ಕಪ್ಪು ಗೆರೆ. ಅವರು ಬೈಯಲಿಲ್ಲ, ಸುಮ್ಮನೆ ಅದನ್ನೇ ನೋಡಿದರು, ನನಗೆ ಅಳುವೇ ಬಂತು. ಆ ಶನಿವಾರವೇ ರೈನ್‌ಕೋಟಿನ ಬಟ್ಟೆ ತಂದು ದರ್ಜಿಯ ಹತ್ತಿರ ಚೀಲ ಹೊಲಿಸಿದೆ, ಮೇಲೆ ಉದ್ದದ ಜಿಪ್, ಕೆಳಗೆ ಗೋಣಿಯ ಎರಡು ಪದರ. ಹೆಚ್ಚಿನ ಮಡಚುವ ಸೈಕಲ್‌ಗಳು ಎಡಕ್ಕೆ ಮಡಚುತ್ತವೆ, ಚೈನು ಇರುವುದು ಬಲಕ್ಕೆ, ಹಾಗಾಗಿ ಮಡಚಿದ ಮೇಲೆ ಚೈನು ಹೊರಗಡೆಯೇ ಉಳಿಯುತ್ತದೆ. ಚೀಲ ಇಲ್ಲದೆ ರೈಲು ಹತ್ತಲೇಬೇಡಿ.

ಮಡಚುವುದು ಹೀಗೆ. ಪೆಡಲನ್ನು ಒಳಕ್ಕೆ ಒತ್ತಿ ಮೇಲಕ್ಕೆ ಮಡಚಬೇಕು. ಸೀಟಿನ ಲಿವರ್ ಸಡಿಲಿಸಿ ಸೀಟನ್ನು ಪೂರ್ತಿ ಕೆಳಗಿಳಿಸಬೇಕು. ನಡುವಿನ ಕೀಲಿನ ಲಿವರ್ ಎಳೆದು ಮುಂದಿನ ಅರ್ಧವನ್ನು ಹಿಂದಕ್ಕೆ ತಂದರೆ ಎರಡು ಚಕ್ರ ಅಕ್ಕಪಕ್ಕ ಬಂದು ಅಯಸ್ಕಾಂತ ಟಕ್ ಅಂತ ಹಿಡಿಯುತ್ತದೆ. ಕೊನೆಗೆ ಹ್ಯಾಂಡಲಿನ ಬುಡದ ಲಿವರ್ ಬಿಡಿಸಿ ಹ್ಯಾಂಡಲನ್ನು ಪಕ್ಕಕ್ಕೆ ಇಳಿಸಿದರೆ ಮುಗಿಯಿತು. ಮೊದಲ ದಿನ ನನಗೆ ಮೂರು ನಿಮಿಷ ಬೇಕಾಯಿತು, ಈಗ ಅರ್ಧ ನಿಮಿಷವೂ ಬೇಡ. ಸೀಟಿನ ಕಂಬಕ್ಕೆ ನಿಮ್ಮ ಎತ್ತರದಲ್ಲಿ ಒಂದು ಸುತ್ತು ಬಣ್ಣದ ಟೇಪು ಅಂಟಿಸಿ, ಪ್ರತಿ ಸಲ ಅಂದಾಜು ಮಾಡುವ ಕೆಲಸ ಇರುವುದಿಲ್ಲ. ರೈಲು ಬಂದ ಮೇಲೆ ಮಡಚಲು ಹೋಗಬೇಡಿ, ಮಧ್ಯದ ಸ್ಟೇಷನ್‌ಗಳಲ್ಲಿ ಒಂದೆರಡು ನಿಮಿಷಕ್ಕಿಂತ ನಿಲ್ಲುವುದಿಲ್ಲ. ಒಳಗೆ ಹೋದ ಮೇಲೆ ಬಾಗಿಲ ಎದುರು ಇಡದೆ ವಾಶ್‌ಬೇಸಿನ್ ಪಕ್ಕದ ಗೋಡೆಗೆ ಒರಗಿಸಿ ಒಂದು ಹಗ್ಗದಲ್ಲಿ ಕಟ್ಟಿ. ಜನ ಒಬ್ಬರ ಮೇಲೊಬ್ಬರು ನಿಲ್ಲುವ ರೈಲಾದರೆ ಅದನ್ನು ಬಿಟ್ಟು ಅರ್ಧ ಗಂಟೆ ಮೊದಲಿನದಕ್ಕೆ ಹೋಗುವುದೇ ಒಳ್ಳೆಯದು, ನಿಮಗೂ ಬೇರೆಯವರಿಗೂ.

ಭಾರದ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 20 ಇಂಚಿನ ಮಡಚುವ ಸೈಕಲ್‌ಗಳು 12ರಿಂದ 15 ಕೆ.ಜಿ. ಇರುತ್ತವೆ. ಹತ್ತು ಕಿಲೋ ಅಕ್ಕಿಯ ಚೀಲವನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ, ಬೆನ್ನಿಗೆ ಬ್ಯಾಗು, ಹೀಗೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಲು ಆಗುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಅಕ್ಕಿಯೇ ಕಷ್ಟ ಅನಿಸಿದರೆ ಸೈಕಲ್ ಅದಕ್ಕಿಂತ ಕಷ್ಟ. ಮೊಣಕಾಲು, ಸೊಂಟದ ನೋವಿರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಸಣ್ಣ ಚಕ್ರ, ಮಂಗಳೂರಿನ ಏರು

"ಸಣ್ಣ ಚಕ್ರ ಅಲ್ವಾ, ಎಷ್ಟು ತುಳಿದರೂ ಮುಂದೆ ಹೋಗಲಿಕ್ಕಿಲ್ಲ." ಇದನ್ನು ಕೇಳಿ ಕೇಳಿ ಸಾಕಾಗಿದೆ. ಚಕ್ರ ಸಣ್ಣದಾದರೆ ಪೆಡಲಿನ ಬುಡದ ಹಲ್ಲಿನ ಚಕ್ರವನ್ನು ದೊಡ್ಡದು ಮಾಡಿರುತ್ತಾರೆ, ಅಲ್ಲಿಗೆ ಲೆಕ್ಕ ಸರಿಯಾಯಿತು. ನಮ್ಮ ಅಪ್ಪಂದಿರು ಓಡಿಸುತ್ತಿದ್ದ 28 ಇಂಚಿನ ದೊಡ್ಡ ಸೈಕಲ್‌ನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ನನ್ನ 20 ಇಂಚಿನದರಲ್ಲಿ ಮುಂದೆ 52 ಹಲ್ಲು, ಹಿಂದೆ 14ರಿಂದ 28ರ ತನಕ ಏಳು ಗೇರ್. ಅತಿ ವೇಗದ ಗೇರಿನಲ್ಲಿ ಒಂದು ಸುತ್ತಿಗೆ ಸುಮಾರು 5.9 ಮೀಟರ್, ಅಂದರೆ ಆ ದೊಡ್ಡ ಸೈಕಲ್‌ಗಿಂತ ಜಾಸ್ತಿ. ಅತಿ ಹಗುರದ ಗೇರಿನಲ್ಲಿ ಸುಮಾರು 3 ಮೀಟರ್. ಏರಿನಲ್ಲಿ ಬೇಕಾಗುವುದು ಈ 3 ಮೀಟರ್. ಸೆಂಟ್ರಲ್‌ನಿಂದ ಹೊರಟು ಹಂಪನಕಟ್ಟೆ ದಾಟಿ ಜ್ಯೋತಿಯ ತನಕ ನಿಧಾನವಾಗಿ, ಸೀಟಿನಿಂದ ಏಳದೆ ಹತ್ತುತ್ತೇನೆ. ಬೆವರು ಬರುತ್ತದೆ, ಅದು ನಮ್ಮ ಕರಾವಳಿಯ ಸೆಖೆ, ಏಪ್ರಿಲ್‌ನಲ್ಲಿ ನಡೆದರೂ ಬರುತ್ತದೆ. ಬ್ಯಾಗಿನಲ್ಲಿ ಒಂದು ಬೈರಾಸು, ಇನ್ನೊಂದು ಟಾಪ್ ಇಟ್ಟುಕೊಳ್ಳುತ್ತೇನೆ.

ಗೇರ್ ಇಲ್ಲದ ಮಡಚುವ ಸೈಕಲ್‌ಗಳೂ ಸಿಗುತ್ತವೆ. ಅಗ್ಗ, ಸ್ವಲ್ಪ ಹಗುರ, ಕೆಡುವ ಭಾಗ ಕಡಿಮೆ. ಅದರಲ್ಲಿ ಮುಂದೆ 44, ಹಿಂದೆ 16 ಇದ್ದರೆ ಸುತ್ತಿಗೆ 4.4 ಮೀಟರಿನಷ್ಟು. ಕಾಸರಗೋಡಿನ ಪೇಟೆಯೊಳಗೆ, ತಳಂಗರೆ ಕಡೆ, ಕುಂಬಳೆಯ ಕಡಲ ಬದಿಗೆ ಅದು ಸಾಕು. ಮಂಗಳೂರಿಗೆ ಸಾಲದು. ಕದ್ರಿ, ಬಲ್ಮಠ, ಬಾವುಟಗುಡ್ಡ ಯಾವ ಕಡೆ ತಿರುಗಿದರೂ ಚಡಾವು. ಆರು ಅಥವಾ ಏಳು ಗೇರ್ ಇಲ್ಲದೆ ಮಂಗಳೂರಿಗೆ ಕೊಂಡುಕೊಳ್ಳಬೇಡಿ.

ಸಣ್ಣ ಚಕ್ರದ ನಿಜವಾದ ತೊಂದರೆ ಇರುವುದು ಹೊಂಡದಲ್ಲಿ. ದೊಡ್ಡ ಚಕ್ರ ಮೇಲಿಂದ ಉರುಳಿಕೊಂಡು ಹೋಗುವ ಹೊಂಡದೊಳಗೆ ಸಣ್ಣದು ಇಳಿದೇ ಬಿಡುತ್ತದೆ, ಕೈಗೆ ಜೋರಾಗಿ ಹೊಡೆತ ಬೀಳುತ್ತದೆ. ಮಳೆಗಾಲದಲ್ಲಿ ನೀರು ನಿಂತು ಹೊಂಡ ಕಾಣದಿದ್ದರೆ ಇದು ಅಪಾಯವೇ. ಅದಕ್ಕೆ ತೆಳ್ಳಗಿನ ಟಯರಿನ ಚಂದ ನೋಡಿ ಮರುಳಾಗಬೇಡಿ, 1.75 ಇಂಚು ಅಥವಾ ಅದಕ್ಕಿಂತ ದಪ್ಪದ್ದನ್ನೇ ನೋಡಿ. ಇನ್ನೊಂದು ಕಡೆ, ಸಣ್ಣ ಚಕ್ರ ನಿಂತಲ್ಲಿಂದ ಬೇಗ ಹೊರಡುತ್ತದೆ, ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ. ನಡುವಿನ ಕೊಳವೆ ತಗ್ಗಿನಲ್ಲಿರುವುದರಿಂದ ಚೂಡಿದಾರ ಹಾಕಿಕೊಂಡೇ ಆರಾಮವಾಗಿ ಹತ್ತಿ ಇಳಿಯಬಹುದು, ಕಾಲು ಹಿಂದಿನಿಂದ ಎತ್ತಿ ಹಾಕುವ ಕೆಲಸ ಇಲ್ಲ. ಅಮ್ಮನಂಥವರಿಗೂ ಸೀಟು ಇಳಿಸಿದರೆ ಸಾಕು. ನಮ್ಮ ಮನೆಯಲ್ಲಿ ಭಾನುವಾರ ಅದೇ ಸೈಕಲ್ ಅತ್ತೆ ಹಾಲಿಗೆ ತೆಗೆದುಕೊಂಡು ಹೋಗುತ್ತಾರೆ.

16 ಇಂಚಾ, 20 ಇಂಚಾ?

16 ಇಂಚಿನವು ಮಡಚಿದಾಗ ನಿಜವಾಗಿ ಪುಟ್ಟದಾಗುತ್ತವೆ. ಇದರಲ್ಲಿ ಹೆಸರುವಾಸಿಯಾದದ್ದು ಬ್ರಾಂಪ್ಟನ್. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ತನ್ನ ಫ್ಲ್ಯಾಟಿನ ಕೋಣೆಯಲ್ಲೇ ಕೂತು ಮಾಡಿದ ಸೈಕಲ್ ಅದು, ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಇಗರ್ಜಿಯ ಹೆಸರನ್ನೇ ಇಟ್ಟ. ಅದರ ಹಿಂದಿನ ಚಕ್ರ ಹೊಟ್ಟೆಯ ಕೆಳಗೆ ಮಡಚಿಕೊಳ್ಳುತ್ತದೆ, ಚೈನು ಎರಡು ಚಕ್ರಗಳ ನಡುವೆ ಒಳಗೆ ಸೇರಿಬಿಡುತ್ತದೆ. ದಪ್ಪ ಸುಮಾರು 27 ಸೆಂ.ಮೀ. ಮಾತ್ರ. ಆ ಅಕ್ಕನ ಸೀರೆ ನೆನಪಾದಾಗಲೆಲ್ಲ ನನಗೆ ಇದರ ಮೇಲೆ ಆಸೆ ಆಗುತ್ತದೆ. ಆದರೆ ಬೆಲೆ ಲಕ್ಷ ದಾಟುತ್ತದೆ, ನಮ್ಮಂಥವರ ಕೈಗೆ ಎಟುಕುವ ಮಾತಲ್ಲ.

ಬೆಲೆ ಬಿಟ್ಟರೂ ಇನ್ನೊಂದು ಕಾರಣಕ್ಕೆ ನಾನು 20 ಇಂಚಿನ ಕಡೆಗೇ ಇದ್ದೇನೆ. ಟಯರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮಿಲಿಮೀಟರ್ ಲೆಕ್ಕದ ಒಂದು ಸಂಖ್ಯೆ ಇರುತ್ತದೆ, ಅದನ್ನು ಓದಿ. ಹೆಚ್ಚಿನ 20 ಇಂಚಿನ ಮಡಚುವ ಸೈಕಲ್‌ಗಳಲ್ಲಿ ಅದು 406. ದಪ್ಪ ಟಯರಿನ 20 ಇಂಚಿನ ಮಕ್ಕಳ ಸೈಕಲ್‌ಗಳಲ್ಲೂ ಸಾಮಾನ್ಯವಾಗಿ ಅದೇ 406. ಅಂದರೆ ಕುಂಬಳೆಯಲ್ಲಿ ಪಂಕ್ಚರ್ ಆದರೂ, ಬದಿಯಡ್ಕದಲ್ಲಿ ಟಯರ್ ಹರಿದರೂ, ಮಕ್ಕಳ ಸೈಕಲ್ ಮಾರುವ ಯಾವ ಅಂಗಡಿಯಲ್ಲೂ ಟ್ಯೂಬು, ಟಯರು ಸಿಗುವ ಸಾಧ್ಯತೆ ಇದೆ. ಕೆಲವು ಚುರುಕಿನ ಮಾದರಿಗಳಲ್ಲಿ 451 ಅಂತ ಇರುತ್ತದೆ, ಅದೂ 20 ಇಂಚೇ, ಆದರೆ 406ರ ಟಯರು ಅದಕ್ಕೆ ಕೂರುವುದಿಲ್ಲ. 16ರಲ್ಲೂ ಹಾಗೆಯೇ, ಮಕ್ಕಳ ಸೈಕಲ್‌ನದು 305, ಬ್ರಾಂಪ್ಟನ್‌ನದು 349. ನಮ್ಮ ಊರಿನಲ್ಲಿ ದಿನಾ ಓಡಿಸುವ ಸೈಕಲ್‌ಗೆ ಟಯರು ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿ ವಾರಗಟ್ಟಲೆ ಕಾಯುವ ಪಾಡು ಬೇಡ.

ಕರೆಂಟಿನದು

ಬ್ಯಾಟರಿ ಇರುವ ಮಡಚುವ ಸೈಕಲ್‌ಗಳೂ ಇವೆ. ಮೋಟಾರು 250 ವಾಟ್‌ನ ಒಳಗೆ, ವೇಗ ಗಂಟೆಗೆ 25 ಕಿ.ಮೀ.ಯ ಒಳಗೆ ಇದ್ದರೆ ಲೈಸೆನ್ಸು, ನಂಬರ್ ಪ್ಲೇಟು ಬೇಡ. ಮಂಗಳೂರಿನ ಏರಿಗೆ ಇದಕ್ಕಿಂತ ಸುಖ ಇಲ್ಲ, ಒಂದು ಹನಿ ಬೆವರಿಲ್ಲದೆ ಆಫೀಸು ಮುಟ್ಟಬಹುದು. ಆದರೆ ಭಾರ 18ರಿಂದ 25 ಕೆ.ಜಿ. ತನಕ ಹೋಗುತ್ತದೆ. ಅದನ್ನು ಎತ್ತಿಕೊಂಡು ಮೇಲ್ಸೇತುವೆ ಹತ್ತುವುದು ನನ್ನಿಂದ ಸಾಧ್ಯ ಇಲ್ಲ. ಮಂಗಳೂರಿನಲ್ಲೇ ಮನೆ, ಲಿಫ್ಟ್ ಇರುವ ಫ್ಲ್ಯಾಟು, ಕೆಳಗೆ ಇಟ್ಟರೆ ಕದ್ದು ಹೋಗುವ ಹೆದರಿಕೆ, ಹೀಗಿರುವವರು ಖಂಡಿತ ನೋಡಿ. ರೈಲಿನವರು ಬಿಟ್ಟುಬಿಡಿ.

ಮಳೆ, ಉಪ್ಪುಗಾಳಿ, ಕೀಲು

ನಮ್ಮ ಕಡೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ. ಮಾಮೂಲಿ ಸೈಕಲ್‌ಗಿಂತ ಮಡಚುವುದಕ್ಕೆ ಆರೈಕೆ ಜಾಸ್ತಿ ಬೇಕು, ಯಾಕೆಂದರೆ ಅದರಲ್ಲಿ ಕೀಲುಗಳಿವೆ. ಮನೆಗೆ ಬಂದ ಕೂಡಲೇ ಹಳೆ ಬಟ್ಟೆಯಲ್ಲಿ ಚೈನು, ಕೀಲು ಒರೆಸಿ ಎರಡು ಹನಿ ಎಣ್ಣೆ. ತೆಂಗಿನೆಣ್ಣೆ ಮಾತ್ರ ಬೇಡ! ಮನೆಯಲ್ಲಿ ಕೈಗೆ ಸಿಗುವುದು ಅದೇ ಅಂತ ನಾನೂ ಮೊದಲ ವರ್ಷ ಹಾಕಿದೆ, ಧೂಳು ಹಿಡಿದು ಅಂಟು ಅಂಟಾಗಿ ಚೈನು ಕೊನೆಗೆ ಸೀಮೆಎಣ್ಣೆಯಲ್ಲಿ ತೊಳೆಯಬೇಕಾಯಿತು. ಸೈಕಲ್ ಚೈನಿನ ಎಣ್ಣೆ, ಇಲ್ಲದಿದ್ದರೆ ಹೊಲಿಗೆ ಮೆಷಿನಿನ ತೆಳು ಎಣ್ಣೆ ಸಾಕು. ಒದ್ದೆ ಸೈಕಲ್ ಅನ್ನು ಚೀಲದೊಳಗೆ ರಾತ್ರಿಯಿಡೀ ಬಿಡಬೇಡಿ, ತುಕ್ಕು ಹಿಡಿಯುವುದು ಅಲ್ಲೇ.

ರಿಮ್ಮು ಅಲ್ಯೂಮಿನಿಯಮ್‌ನದ್ದೇ ಆಗಿರಬೇಕು. ಫಳಫಳ ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಹಿಡಿಯುವುದೇ ಇಲ್ಲ, ಜ್ಯೋತಿಯಿಂದ ಕೆಳಗಿಳಿಯುವಾಗ ಅದು ಗೊತ್ತಾದರೆ ತಡವಾಯಿತು. ಮಡ್ಗಾರ್ಡ್ ಎರಡೂ ಕಡೆ ಇರಲಿ.

ಇನ್ನು ಕೀಲು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಡುವಿನ ಲಿವರ್ ಮುಚ್ಚುವಾಗ ಅಂಗೈಯಿಂದ ಒತ್ತಿ ಬಲ ಹಾಕಬೇಕಾಗುತ್ತದೆ, ಹಾಗಿದ್ದರೆ ಸರಿ. ಬೆರಳಿನಲ್ಲೇ ಮುಚ್ಚಿಕೊಂಡರೆ ಸಡಿಲವಾಗಿದೆ ಅಂತ ಅರ್ಥ, ಅದರ ಪಕ್ಕದ ನಟ್ಟು ಸ್ವಲ್ಪ ತಿರುಗಿಸಿ ಬಿಗಿ ಮಾಡಬೇಕು. ಲಿವರ್ ತಾನಾಗಿ ಬಿಚ್ಚದ ಹಾಗೆ ತಡೆಯುವ ಇನ್ನೊಂದು ಸಣ್ಣ ಕೊಂಡಿ ಇರುತ್ತದೆ, ಅದು ಇಲ್ಲದ ಸೈಕಲ್ ಕೊಳ್ಳಬೇಡಿ. ಹತ್ತುವ ಮೊದಲು ಮುಂದಿನ ಬ್ರೇಕು ಹಿಡಿದು ಸೈಕಲ್ ಅನ್ನು ಹಿಂದೆ ಮುಂದೆ ಒಮ್ಮೆ ಅಲುಗಾಡಿಸಿ, ನಡುವೆ ಲಟಕ್ ಅಂತ ಸದ್ದು ಬಂದರೆ ಹತ್ತಬೇಡಿ. ದಿನಾ ಐದು ಸೆಕೆಂಡಿನ ಕೆಲಸ. ಎಷ್ಟು ಭಾರ ತಡೆಯುತ್ತದೆ ಅಂತ ಕಂಪನಿಯವರು ಬರೆದಿರುತ್ತಾರೆ, ಸಾಮಾನ್ಯವಾಗಿ 100ರಿಂದ 110 ಕೆ.ಜಿ., ನಿಮ್ಮ ಬ್ಯಾಗೂ ಸೇರಿ. ಹಿಂದೆ ಇನ್ನೊಬ್ಬರನ್ನು ಕೂರಿಸುವ ಸೈಕಲ್ ಇದಲ್ಲ.

ಕೊಳ್ಳಲು ಹೋಗುವಾಗ

ಗೇರ್ ಇಲ್ಲದವು ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತವೆ, ಗೇರ್ ಇರುವ ಒಳ್ಳೆಯದು ಬೇಕಾದರೆ ಹದಿನೈದು, ಇಪ್ಪತ್ತು ಸಾವಿರ ಕೈಯಲ್ಲಿರಬೇಕು. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿದಿದೆ, ಹಳೆ ದರದ ಚೀಟಿ ತೋರಿಸಿದರೆ ಕೇಳಿ. ಕಾಣದೆ ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಮಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡುವುದು ಮೇಲು.

ಅಂಗಡಿಯಲ್ಲಿ ಓಡಿಸಿ ನೋಡುವುದು ಆಮೇಲೆ. ಮೊದಲು ನೀವೇ ಮೂರು ಸಲ ಮಡಚಿ ಬಿಡಿಸಿ, ಅಂಗಡಿಯ ಹುಡುಗ ಮಾಡಿ ತೋರಿಸಿದ್ದು ಲೆಕ್ಕಕ್ಕಿಲ್ಲ. ಮಡಚಿದ್ದನ್ನು ಒಂದು ಕೈಯಲ್ಲಿ ಎತ್ತಿ ಇಪ್ಪತ್ತು ಮೆಟ್ಟಿಲು ಹತ್ತಿ, ಮೆಟ್ಟಿಲು ಇಲ್ಲದಿದ್ದರೆ ರಸ್ತೆಯ ಕೊನೆಯ ತನಕ ಹೊತ್ತುಕೊಂಡು ಹೋಗಿ ಬನ್ನಿ. ಮಡಚಿದ ಮೇಲೆ ಅದು ತಾನಾಗಿ ನಿಲ್ಲುತ್ತದಾ, ಪಕ್ಕಕ್ಕೆ ಬೀಳುತ್ತದಾ ನೋಡಿ, ರೈಲಿನಲ್ಲಿ ಬೀಳುವ ಸೈಕಲ್ ಬೇರೆಯವರ ಕಾಲಿನ ಮೇಲೆಯೇ ಬೀಳುತ್ತದೆ. ಟಯರಿನ ಮೇಲಿನ 406 ಓದಿ. ಕೊನೆಗೆ ಹತ್ತಿರದ ಯಾವುದಾದರೂ ಏರಿನಲ್ಲಿ ಓಡಿಸಿ, ಸಮತಟ್ಟಾದ ರಸ್ತೆಯಲ್ಲಿ ಎಲ್ಲ ಸೈಕಲ್‌ಗಳೂ ಚೆನ್ನಾಗಿಯೇ ಇರುತ್ತವೆ. ಸೆಕೆಂಡ್ ಹ್ಯಾಂಡ್ ಆದರೆ ಕೀಲಿನ ಹತ್ತಿರದ ಬೆಸುಗೆಯ ಮೇಲೆ ಉಗುರಿನಿಂದ ಗೀರಿ ನೋಡಿ. ಬಣ್ಣ ಎದ್ದು ಬಂದಿದ್ದರೆ, ಕೂದಲೆಳೆಯಂಥ ಗೆರೆ ಕಂಡರೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ ಅಂತ ಹೇಳಿ ಹೊರಟು ಬನ್ನಿ.